ಮೊದಲು ತಾಯಿಗೆ ಊಟ ಹಾಕಿ

ಯುದ್ಧ, ಬರಗಾಲದ ಸುದ್ದಿ ಬಂದಾಗಲೆಲ್ಲ ನಮ್ಮ ಫೋನಿಗೆ ಬರುವುದು ಎಲುಬು ಎದ್ದುಕಾಣುವ ಮಗುವಿನ ಫೋಟೋ. ನೋಡಿದರೆ ಕರುಳು ಕಿವುಚಿದಂತಾಗುತ್ತದೆ. ನಾಲ್ಕು ಜನಕ್ಕೆ ಕಳಿಸುತ್ತೇವೆ. ಆದರೆ ಆ ಮಗುವನ್ನು ಎತ್ತಿಕೊಂಡಿರುವ ತಾಯಿ ಹೊಟ್ಟೆ ತುಂಬ ಉಂಡು ಎಷ್ಟು ದಿನ ಆಯಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಈ ಪ್ರಶ್ನೆಯೇ ಮುಖ್ಯ ಅನಿಸುತ್ತದೆ.

ಹಸಿವು ಮನೆಯೊಳಗೆ ಬರುವಾಗ ಮೊದಲು ಕಡಿಮೆಯಾಗುವುದು ತಾಯಿಯ ಪಾಲು. ಆಮೇಲೆ ಅವಳು ಒಂದು ಹೊತ್ತು ಬಿಡುತ್ತಾಳೆ. ಗಂಜಿಗೆ ನೀರು ಜಾಸ್ತಿ ಆಗುತ್ತದೆ. ಆಡು ಮಾರುತ್ತಾರೆ. ಬಿತ್ತನೆಗೆ ಇಟ್ಟ ಕಾಳನ್ನೂ ಬೇಯಿಸುತ್ತಾರೆ. ಮಗುವಿನ ತೋಳು ಸೊರಗುವುದು ಸಾಮಾನ್ಯವಾಗಿ ಇದೆಲ್ಲ ಆದ ಮೇಲೆ. ನಮಗೆ ಫೋಟೋ ತಲುಪುವ ಹೊತ್ತಿಗೆ ಆ ಹೆಂಗಸು ತಿಂಗಳುಗಟ್ಟಲೆ ಒಬ್ಬಳೇ ಒದ್ದಾಡಿರುತ್ತಾಳೆ.

ಕ್ಷಾಮ ಅಂತ ಅಧಿಕೃತವಾಗಿ ಹೇಳುವುದಕ್ಕೂ ಲೆಕ್ಕ ಇದೆ. ಪ್ರತಿ 10,000 ಜನರಲ್ಲಿ ದಿನಕ್ಕೆ ಇಬ್ಬರು ಸಾಯಬೇಕು ಅನ್ನುವುದು ಅದರಲ್ಲಿ ಒಂದು. ಸೊಮಾಲಿಯಾದಲ್ಲಿ 2011ರ ಜುಲೈನಲ್ಲಿ ಘೋಷಣೆ ಆಯಿತು. ಆ ಕ್ಷಾಮದಲ್ಲಿ ಸತ್ತವರು ಸುಮಾರು 2.6 ಲಕ್ಷ ಜನ. ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಬಹಳಷ್ಟು ಜನ ಘೋಷಣೆಗೆ ಮೊದಲೇ ಹೋಗಿಬಿಟ್ಟಿದ್ದರು.

ಇನ್ನು ಹಾಲಿನ ಪುಡಿಯ ವಿಷಯ. ಹಸಿದ ಊರಿಗೆ ಡಬ್ಬ ಕಳಿಸೋಣ ಅಂತ ಒಳ್ಳೆಯ ಮನಸ್ಸಿನವರೇ ಹೇಳುತ್ತಾರೆ. ಆ ಪುಡಿ ಕಲಸಲು ಶುದ್ಧ ನೀರು ಬೇಕು, ಕುದಿಸಲು ಸೌದೆ ಬೇಕು, ಬಾಟಲಿ ತೊಳೆಯಲು ಮತ್ತೆ ನೀರು ಬೇಕು. ಮನೆ ಬಿಟ್ಟು ಬಂದವರ ಶಿಬಿರದಲ್ಲಿ ಇವು ಎಲ್ಲಿಂದ ಬರಬೇಕು? ಕೂಸಿಗೆ ಭೇದಿ ಶುರುವಾದರೆ ಅಲ್ಲಿ ಉಳಿಸುವುದು ಕಷ್ಟ. ಅರೆಹೊಟ್ಟೆ ಉಂಡ ತಾಯಿಯ ಮೈ ಕೂಡ ಬಹುಪಾಲು ಹಾಲು ಕೊಡುತ್ತಲೇ ಇರುತ್ತದೆ, ತನ್ನನ್ನೇ ಕರಗಿಸಿಕೊಂಡು. ಮೊಲೆಯೂಡಿಸುವವಳಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಬೇಕು. ಅದನ್ನು ಅವಳಿಗೆ ಕೊಡಿ. ಕುಡಿಯಲು ನೀರು ಕೊಡಿ. ಕೂತು ಹಾಲೂಡಿಸಲು ಮರೆಯಾದ ಜಾಗ ಕೊಡಿ, ತಿಳಿದವರೊಬ್ಬರು ಪಕ್ಕದಲ್ಲಿರಲಿ. ತಾಯಿ ತೀರಿಕೊಂಡ ಕೂಸಿಗೆ ಪುಡಿ ಹಾಲು ಬೇಕೇ ಬೇಕು, ಅದನ್ನು ಆರೋಗ್ಯ ಕಾರ್ಯಕರ್ತರ ಕಣ್ಣಳತೆಯಲ್ಲಿ ಕೊಡಬೇಕು.

ಒಂದು ನಿಜವಾದ ಬದಲಾವಣೆ ಆಗಿದೆ, ಅದನ್ನು ಹೇಳಲೇಬೇಕು. ತೀರಾ ಸೊರಗಿದ ಮಗುವನ್ನು ಮೊದಲೆಲ್ಲ ವಾರಗಟ್ಟಲೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ತಾಯಿ ಅಲ್ಲೇ ಇರಬೇಕಿತ್ತು. ಮನೆಯಲ್ಲಿ ಉಳಿದ ಮಕ್ಕಳಿಗೆ ಬೇಯಿಸಿ ಹಾಕುವವರು ಯಾರು? ಎಷ್ಟೋ ತಾಯಂದಿರು ಮಗುವನ್ನು ಅರ್ಧದಲ್ಲೇ ಕರೆದುಕೊಂಡು ಹೋಗುತ್ತಿದ್ದರು. 1990ರ ದಶಕದಲ್ಲಿ ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿದ ಪೇಸ್ಟ್ ಬಂತು. 92 ಗ್ರಾಂನ ಒಂದು ಪ್ಯಾಕೆಟ್‌ನಲ್ಲಿ 500 ಕ್ಯಾಲೊರಿ. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ. ಬೇರೆ ಕಾಯಿಲೆ ಇಲ್ಲದ, ಬಾಯಿಂದ ತಿನ್ನಬಲ್ಲ ಮಗುವಿಗೆ ಮನೆಯಲ್ಲೇ ಕೊಡಬಹುದು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ಈ ಕ್ರಮವನ್ನು ಒಪ್ಪಿದವು. ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿಯನ್ನೂ ಈಗ ತಾಯಂದಿರ ಕೈಗೇ ಕೊಡುತ್ತಾರೆ. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ಮಗು ತೀರಾ ಸೊರಗಿದೆ. ಓದು ಬರದ ತಾಯಿಯೂ ವಾರವಾರ ತಾನೇ ಅಳೆದು ಬೇಗ ಕರೆತರುತ್ತಾಳೆ. ಅವಳನ್ನು ನಂಬಿದ್ದಕ್ಕೆ ಸಿಕ್ಕ ಫಲ ಇದು.

ಪಡಿತರ ಕೊಟ್ಟರೆ ಮುಗಿಯಿತು ಅನ್ನುವವರಿಗೆ ಒಂದು ಮಾತು. ಇಡೀ ಜೋಳ ಕೊಟ್ಟರೆ ಬೀಸಿಸಲು ಕಾಸು ಬೇಕು. ಅದಕ್ಕಾಗಿ ಜೋಳದಲ್ಲೇ ಒಂದಿಷ್ಟು ಮಾರುತ್ತಾರೆ. ಒಣ ಕಾಳು ಗಂಟೆಗಟ್ಟಲೆ ಬೇಯಬೇಕು. ಸುಡಾನ್ ದೇಶದ ಪಶ್ಚಿಮ ಭಾಗವಾದ ದಾರ್‌ಫುರ್‌ನಲ್ಲಿ ಸೌದೆಗೆಂದು ಶಿಬಿರದಿಂದ ಹೊರಗೆ ಹೋದ ಎಷ್ಟೋ ಹೆಂಗಸರ ಮೇಲೆ ಅತ್ಯಾಚಾರ ಆಗಿದೆ. ಒಂದು ಹೊತ್ತಿನ ಅಡುಗೆಗೆ ಅಷ್ಟು ದೊಡ್ಡ ಬೆಲೆ. ಸಂತೆಯಲ್ಲಿ ಸಾಮಾನು ಸಿಗುವ ಕಡೆ ದುಡ್ಡನ್ನೇ ಕೊಡಬೇಕು. ಹಿಟ್ಟು ಬೇಕಾ, ಸೌದೆ ಬೇಕಾ, ಔಷಧಿ ಬೇಕಾ ಅಂತ ಅವಳಿಗೇ ಗೊತ್ತಿರುತ್ತದೆ ಅಲ್ವಾ? ‘ದುಡ್ಡು ಪೋಲು ಮಾಡಿದರೆ?’ ಅನ್ನುವ ಅನುಮಾನ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಸೊಮಾಲಿಯಾದಲ್ಲಿ ಹಾಗೆ ಕೊಟ್ಟ ಹಣ ಹೆಚ್ಚಾಗಿ ಹೋಗಿದ್ದು ಊಟಕ್ಕೆ ಮತ್ತು ಅಂಗಡಿ ಸಾಲ ತೀರಿಸುವುದಕ್ಕೆ.

ದಾರಿಯನ್ನೇ ಮುಚ್ಚಿದ ಕಡೆ ದುಡ್ಡೂ ನಡೆಯುವುದಿಲ್ಲ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. 2024ರ ಆಗಸ್ಟ್‌ನಲ್ಲಿ ದಾರ್‌ಫುರ್‌ನ ಎಲ್ ಫಾಶಿರ್ ನಗರದ ಪಕ್ಕದ ಝಮ್ಝಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ದೃಢಪಟ್ಟಿತು. ಮುತ್ತಿಗೆಯೊಳಗೆ ಸಿಕ್ಕಿಕೊಂಡ ಎಲ್ ಫಾಶಿರ್‌ನಲ್ಲಿ ಜನ ದನಕ್ಕೆ ಹಾಕುವ ಕಡಲೆಕಾಯಿ ಹಿಂಡಿ ತಿಂದರು. ಮಗುವನ್ನು ಬದುಕಿಸುವ ಪೇಸ್ಟ್‌ ಆಗುವುದೂ ಅದೇ ಕಡಲೆಕಾಯಿಯಿಂದ. ಪ್ಯಾಕೆಟ್ ತುಂಬಿದ ಲಾರಿಯನ್ನು ಬಂದೂಕು ಹಿಡಿದವರು ತಡೆಯುತ್ತಾರೆ. ಜನರನ್ನು ಉಪವಾಸ ಕೆಡವಿ ಯುದ್ಧ ಮಾಡುವುದನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2018ರಲ್ಲೇ ಖಂಡಿಸಿದೆ. ಸುಮ್ನೆ ಖಂಡಿಸಿದರೆ ಲಾರಿ ಮುಂದೆ ಹೋಗುವುದಿಲ್ಲ.

ಇಷ್ಟರ ನಡುವೆಯೂ ಸುಡಾನಿನ ಓಣಿಗಳಲ್ಲಿ ನೆರೆಹೊರೆಯವರೇ ಸೇರಿ ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡಿ ಬಡಿಸಿದ್ದಾರೆ. ಅಲ್ಲಿ ಇದಕ್ಕೆ ತಕಿಯಾ ಅನ್ನುತ್ತಾರೆ. 2025ರ ಶುರುವಿನಲ್ಲಿ ಅಮೆರಿಕದ ನೆರವು ನಿಂತಾಗ ಇಂಥ ನೂರಾರು ಅಡುಗೆಮನೆಗಳು ಮುಚ್ಚಿಹೋದವು. ಅಲ್ಲಿ ಬಟ್ಟಲು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು.

ನೀವು ನೆರವು ಕೊಡುವ ಮನಸ್ಸು ಮಾಡಿದರೆ ಹಳೇ ಬಟ್ಟೆ, ಡಬ್ಬ ಬೇಡ. ಹಣ ಕೊಡಿ. ಕೊಡುವ ಮುಂಚೆ ಆ ಸಂಸ್ಥೆಯವರನ್ನು ಕೇಳಿ: ಬಸುರಿ, ಬಾಣಂತಿಯರಿಗೆ ಬೇರೆ ಊಟ ಇದೆಯಾ, ಬೀಸುವ ಖರ್ಚು, ಸೌದೆ ಖರ್ಚು ಸೇರಿಸಿದ್ದೀರಾ, ಊರವರೇ ನಡೆಸುವ ಅಡುಗೆಮನೆಗೆ ಎಷ್ಟು ಹೋಗುತ್ತದೆ? ಮುಂದಿನ ಫೋಟೋ ಬರುವವರೆಗೆ ಕಾಯಬೇಡಿ.