ಇಂಗ್ಲಿಷ್ ತಡವರಿಸುವ ಮಗುವಿಗೇ ಏಕಾಗ್ರತೆ ಜಾಸ್ತಿಯಂತೆ!

ಕೋಲಾರದ ಕಡೆ ಶಾಲೆಗಳಲ್ಲಿ ಮಕ್ಕಳ ಗಮನ ಅಳೆಯಲು ಹೊರಟವರಲ್ಲಿ ಒಂದು ವಿನಂತಿ. ಇಂಗ್ಲಿಷ್ ಸ್ಟ್ರೂಪ್ ಪರೀಕ್ಷೆಯನ್ನು ಇಳಿಸಿಕೊಂಡು ಹಾಗೇ ಕೊಡಬೇಡಿ.

ಪರೀಕ್ಷೆ ಇಷ್ಟೇ: ಕೆಂಪು ಬಣ್ಣದಲ್ಲಿ ‘ಹಸಿರು’ ಎಂದು ಬರೆದಿದೆ. ಬಣ್ಣ ಯಾವುದು ಹೇಳಬೇಕು, ಪದ ಓದಬಾರದು. ನಾಲಿಗೆ ತಡವರಿಸುತ್ತದೆ. 1935ರಲ್ಲಿ ಅಮೆರಿಕದ ಮನೋವಿಜ್ಞಾನಿ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಲೆಕ್ಕ: 100 ಬಣ್ಣದ ಚೌಕ ಹೆಸರಿಸಲು ಸುಮಾರು 63 ಸೆಕೆಂಡು, ಪದ–ಬಣ್ಣ ಹೊಂದದ 100ಕ್ಕೆ ಸುಮಾರು 110. ಓದು ರೂಢಿಯಾದವರಿಗೆ ಕಣ್ಣು ಬಿದ್ದೊಡನೆ ಪದ ಒಳಗೆ ಹೋಗಿಬಿಡುತ್ತದೆ. ಆ ಎಳೆದಾಟವನ್ನೇ ನಾವು ಅಳೆಯುವುದು. ಜಿ-ಆರ್-ಇ-ಇ-ಎನ್ ಎಂದು ಕೂಡಿಸಿ ಓದುವ ಮಗುವಿಗೆ ಎಳೆದಾಟವೆಲ್ಲಿಂದ ಬರಬೇಕು? ವ್ಯತ್ಯಾಸ ಕಡಿಮೆ ಬರುತ್ತದೆ, ವರದಿ ‘ಗಮನ ಅತ್ಯುತ್ತಮ’ ಎನ್ನುತ್ತದೆ!

ಕನ್ನಡದಲ್ಲಿ ಮಾಡಿದರೂ ಎಡವಟ್ಟುಗಳಿವೆ. ಹಸಿರು, ಹಳದಿ ಎರಡೂ ‘ಹ’ದಿಂದ ಶುರು, ಮೊದಲ ಸದ್ದು ಹೊಂದಿಬಿಟ್ಟರೆ ತಡೆ ಸಡಿಲವಾಗುತ್ತದೆ. ಉತ್ತರದ ಸಮಯ ಹಿಡಿಯುವ ಮೈಕಿಗೆ ಮೆಲುವಾದ ‘ಹ’ ತಡವಾಗಿ ಕೇಳಿಸುತ್ತದೆ, ‘ಅಸ್ರು’ ಎನ್ನುವ ಬಾಯಿಗೆ ಬೇರೆಯೇ ಸಮಯ. ಮನೆಮಾತು ತೆಲುಗಾದ ಮಗು ಹಸಿರಿಗೆ ‘ಪಚ್ಚ’ ಅಂದರೆ ತಪ್ಪು ಹಾಕುತ್ತೀರಾ? ಹಳದಿ ಬಿಡಿ, ಕೆಂಪು, ನೀಲಿ, ಹಸಿರು ಸಾಕು. ಬಾಯಿಯ ಬದಲು ಮೂರು ಗುಂಡಿ ಕೊಡಿ. ತಟಸ್ಥ (ಬಣ್ಣಕ್ಕೆ ಸಂಬಂಧವಿಲ್ಲದ) ಪದಗಳಿಗೆ ಮೇಜು, ಗೋಡೆ, ಬಾಗಿಲು ಆಗಬಹುದು. ಟೊಮೆಟೊ ಬೇಡವೇ ಬೇಡ, ಅದು ತಾನೇ ಕೆಂಪು ನೆನಪಿಸುತ್ತದೆ. (ನಮ್ಮ ಜಿಲ್ಲೆಯಲ್ಲಂತೂ!)

ಮೊದಲು ಬಣ್ಣಗುರುಡಿನ ತಪಾಸಣೆ, ಆಮೇಲೆ 24 ಅಭ್ಯಾಸ, ನಂತರ 72 ಪದಗಳ ಎರಡು ಸುತ್ತು. ಪ್ರತಿ ಸುತ್ತಿನಲ್ಲಿ ಹೊಂದುವವು, ಹೊಂದದವು, ತಟಸ್ಥ ತಲಾ 24. ಕಣ್ಣು ನಿಲ್ಲಿಸಲು ಪರದೆಯ ನಡುವೆ ಕೂಡುಗುರುತು (+) 500 ಮಿಲಿಸೆಕೆಂಡು, ಪದ ಹೆಚ್ಚೆಂದರೆ 2 ಸೆಕೆಂಡು. ಈಗ ಕಡೆಗಣಿಸಿದ ಪದವೇ ಮುಂದಿನ ಉತ್ತರವಾಗದಂತೆ ಸರದಿ ಜೋಡಿಸಿ. ಅದೇ ಉತ್ತರವಾಗಿಬಿಟ್ಟರೆ ತಡ ಬೇರೆ ಕಾರಣಕ್ಕೆ ಬರುತ್ತದೆ. ಚುರುಕು ಮಕ್ಕಳು ಕಣ್ಣು ಕಿರಿದು ಮಾಡಿ ಅಕ್ಷರ ಮಸುಕಾಗಿಸುತ್ತಾರೆ, ಇಲ್ಲವೇ ಕೊನೆಯ ಅಕ್ಷರ ಮಾತ್ರ ನೋಡುತ್ತಾರೆ. ಪದದ ಜಾಗ ಚೂರು ಚೂರು ಬದಲಿಸಿ. 200 ಮಿಲಿಸೆಕೆಂಡಿಗಿಂತ ಬೇಗ ಒತ್ತಿದ್ದನ್ನೂ ತಪ್ಪುಗಳನ್ನೂ ಸಮಯದ ಸರಾಸರಿಯಿಂದ ಕೈಬಿಡಿ, ತಪ್ಪುಗಳನ್ನು ಪ್ರತ್ಯೇಕವಾಗಿ ಎಣಿಸಿ.

ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ರಕ್ತದ ಹರಿವಿನಿಂದ ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೂ ಗುಂಡಿಯೇ ವಾಸಿ, ಮಾತಾಡಿದರೆ ತಲೆ ಅಲುಗುತ್ತದೆ. ರಕ್ತದ ಸಂಕೇತ ಏರಲು 5–6 ಸೆಕೆಂಡು ಬೇಕು, ಹಾಗಾಗಿ ಒಂದರ ಸಂಕೇತ ಇನ್ನೊಂದರಿಂದ ಬಿಡಿಸಿ ನೋಡಲು ಪದಗಳ ನಡುವಿನ ಅಂತರ ಹೆಚ್ಚುಕಮ್ಮಿ ಮಾಡುತ್ತಾರೆ. ಹಣೆಯ ಹಿಂದೆ, ನಡುಗೆರೆಯ ಬಳಿ ಇರುವ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಮಿದುಳಿನ ಭಾಗ ಹೊಂದದ ಪದಗಳಿಗೆ ಹೆಚ್ಚು ಚುರುಕಾಗುತ್ತದೆ. ಆದರೆ ಅದು ಗುಂಪಿನ ಸರಾಸರಿ. ಒಂದು ಮಗುವಿನ ಅಂಕ ಎರಡು ಸರಾಸರಿಗಳ ಕಳೆಯುವಿಕೆ (ಹೊಂದದ ಪದಗಳ ಸಮಯದಿಂದ ಉಳಿದವುಗಳ ಸಮಯ ಕಳೆದದ್ದು), ಎರಡರ ಏರುಪೇರೂ ಅದರಲ್ಲಿ ಸೇರಿಕೊಳ್ಳುತ್ತವೆ. ಸಮ, ಬೆಸ ಸರದಿಗಳನ್ನು ಬೇರೆ ಮಾಡಿ ಎರಡು ಸಲ ಲೆಕ್ಕ ಹಾಕಿ ನೋಡಿ. ಮಕ್ಕಳ ಶ್ರೇಣಿ ಅದಲುಬದಲಾದರೆ ಆ ಅಂಕವನ್ನು ಪೋಷಕರ ಸಭೆಗೆ ಒಯ್ಯಬೇಡಿ.