ಏಳು ಜನ, ಏಳು ಹುದ್ದೆ, ಒಂದು (ರಿ)

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ಕಟ್ಟಲು ಏಳು ಜನ ಸಾಕು. ಗೌರವಾಧ್ಯಕ್ಷ, ಅಧ್ಯಕ್ಷ, ಕಾರ್ಯಾಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಸಂಘಟನಾ ಕಾರ್ಯದರ್ಶಿ, ಖಜಾಂಚಿ. ಲೆಕ್ಕ ಚುಕ್ತಾ. ಬರೀ ಸದಸ್ಯ ಅನ್ನೋ ಅನಾಥ ಒಬ್ಬನೂ ಉಳಿಯುವುದಿಲ್ಲ. ಎಂಟನೆಯವನು ಬಂದರೆ ‘ವಿಭಾಗೀಯ ಸಂಚಾಲಕ’ ಅನ್ನಿ. ವಿಭಾಗವನ್ನು ಆಮೇಲೆ ಹುಡುಕಿಕೊಳ್ಳಬಹುದು.

ಹೆಸರು ‘ಅಖಿಲ ಕರ್ನಾಟಕ’ದಿಂದಲೇ ಶುರುವಾಗಬೇಕು, ಕಾರ್ಯಕ್ಷೇತ್ರ ಬಸ್‌ಸ್ಟ್ಯಾಂಡಿನಿಂದ ಹಾಲಿನ ಬೂತಿನವರೆಗಾದರೂ ಸರಿ. ಬೈಲಾವನ್ನು ಪಕ್ಕದ ಬೀದಿಯ ಸಂಘದಿಂದ ಇಳಿಸಿಕೊಳ್ಳುವುದು ವಾಡಿಕೆ. ಎಡವುವುದು ಮೂರನೇ ಪುಟದಲ್ಲಿ: ಅಲ್ಲಿ ಹಳೇ ಸಂಘದ ಹೆಸರು ಹಾಗೇ ಕೂತಿರುತ್ತದೆ. ನೋಂದಣಿಯಾದ ಮೇಲೆ ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಇದನ್ನು ಮರೆತವರ (ರಿ) ಬೋರ್ಡಿನ ಮೇಲೆ ಮಾತ್ರ ಬದುಕಿರುತ್ತದೆ. ಬೋರ್ಡಿಗೆ ಅಷ್ಟೇ ಸಾಕು.

ಆಮೇಲೆ ಕಾರು. ನಂಬರ್ ಪ್ಲೇಟಿನ ಅಕ್ಷರ 65 ಮಿ.ಮೀ. ಎತ್ತರ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಮೇಲೆ ತಿರುಪು ಹಾಕಿ ಕೂರಿಸುವ ಕೆಂಪು ಹಲಗೆಯಲ್ಲಿ ‘ರಾಜ್ಯಾಧ್ಯಕ್ಷರು’ ಅದಕ್ಕಿಂತ ದಪ್ಪ ಇರಲಿ. ಟೋಲಿನಲ್ಲಿ ಅದಕ್ಕೇನೂ ರಿಯಾಯಿತಿ ಇಲ್ಲ, ಗಾಜು ಇಳಿಸಿ ಹಲಗೆಯತ್ತ ಬೆರಳು ತೋರಿಸುವ ಸುಖವಂತೂ ಇದೆ. ಆಫೀಸಿನಲ್ಲಿ ‘ಏಯ್, ಇಲ್ಲಿ ಬಾರಯ್ಯ’ ಅನ್ನಿಸಿಕೊಳ್ಳುವವನು ಈ ಹಲಗೆಯ ಹಿಂದೆ ಕೂತಾಗ ‘ಅಧ್ಯಕ್ಷರೇ’ ಆಗುತ್ತಾನೆ. ಅವನ ಸಂಬಳ ಏರಿಲ್ಲ, ಬೆನ್ನು ಮಾತ್ರ ನೆಟ್ಟಗಾಗಿದೆ.

ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14–15 ವರ್ಷದ ಹುಡುಗರನ್ನು ಇಟ್ಟುಕೊಂಡು ಮಾಡಿದ ಪ್ರಯೋಗ 1971ರಲ್ಲಿ ಪ್ರಕಟವಾಯಿತು. ಕ್ಲೇ, ಕ್ಯಾಂಡಿನ್ಸ್ಕಿ ಎಂಬ ಇಬ್ಬರು ಕಲಾವಿದರಲ್ಲಿ ಯಾರ ಚಿತ್ರ ಇಷ್ಟ ಎಂಬ ನೆಪ ಹೇಳಿ ಎರಡು ಗುಂಪು ಮಾಡಿದರು. ತನ್ನ ಗುಂಪಿನಲ್ಲಿ ಯಾರಿದ್ದಾರೆಂದೇ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚಲು ಕೊಟ್ಟಾಗ, ತಮ್ಮವರಿಗೆ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಆ ಕಡೆಯವರಿಗೆ ಇನ್ನೂ ಕಮ್ಮಿ ಸಿಗಲಿ ಎನ್ನುವತ್ತ ವಾಲಿದರು. ಪಾಪ, ಆ ಹುಡುಗರಿಗೆ ಒಂದು ಲೆಟರ್‌ಹೆಡ್ಡೂ ಇರಲಿಲ್ಲ.

ನಮ್ಮಲ್ಲಿ ಒಡಕು ಬರುವುದು ಫ್ಲೆಕ್ಸಿನಿಂದ. ರಾಜ್ಯ ಸರ್ಕಾರ 2016ರಲ್ಲೇ ಅದನ್ನು ನಿಷೇಧಿಸಿದೆ, ಹಾಗಾಗಿ ರಾತ್ರಿ ಹನ್ನೊಂದರ ಮೇಲೆ ಕಟ್ಟಬೇಕು. ಹತ್ತಡಿ ಅಗಲದಲ್ಲಿ ಅರ್ಧ ಜಾಗ ಅಧ್ಯಕ್ಷರ ಕೈಮುಗಿದ ಫೋಟೊಕ್ಕೆ ಹೋದರೆ ಮಿಕ್ಕ ಆರು ತಲೆ ಕೆಳಗಡೆ ಇಡ್ಲಿ ತಟ್ಟೆಯಲ್ಲಿ ಕೂತಂತೆ ಸಾಲಾಗಿ ಬರುತ್ತವೆ. ಪ್ರಿಂಟಿನ ದುಡ್ಡು ಕೊಟ್ಟ ಖಜಾಂಚಿಯ ಮುಖ ಸರಿಯಾಗಿ ಹಗ್ಗ ಕಟ್ಟುವ ತೂತಿನ ಹತ್ತಿರ ಬಂದಿರುತ್ತದೆ. ಮಾರನೇ ದಿನವೇ ಖಜಾಂಚಿ ಇನ್ನಿಬ್ಬರನ್ನು ಕರೆದುಕೊಂಡು ಹೊರಗೆ. ಕಾಯ್ದೆಗೆ ನಾಲ್ಕು ಜನ ಕಮ್ಮಿ. ಹೆಂಡತಿ, ಭಾವಮೈದ, ಬಾಡಿಗೆಯವರು, ಇಸ್ತ್ರಿ ಅಂಗಡಿಯವನು. ಆಯಿತು ಏಳು. ಹೊಸ ಸಂಘದ ಹೆಸರಿನ ಹಿಂದೆ ‘ನೈಜ’ ಸೇರುತ್ತದೆ.

ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಇದರಲ್ಲಿ ಹೊಸದೇನೂ ಇಲ್ಲ. ‘ಹಳೇ ಫೈಲ್ ಇದೆ ಸರ್, ಫೋಟೊ ಬದಲಾಯಿಸಿದ್ರೆ ಆಯ್ತು. ಮಧ್ಯದಲ್ಲಿ ಯಾರ್ದು ಹಾಕ್ಲಿ?’

ಕೌಂಟರಿನ ಮುಂದೆ ನಿಂತಿದ್ದ ಏಳೂ ಜನ ಒಟ್ಟಿಗೆ ಗಂಟಲು ಸರಿಮಾಡಿಕೊಂಡರು.