ಸೂಪರ್‌ಹೀರೋಗೆ ಮದುವೆ ಮಾಡಿಸಬೇಕೇ?

ಪರ: ಗುಟ್ಟು ಬಲ್ಲ ಹೆಂಡತಿ

ಕಿಷ್ಕಿಂಧೆಯ ಕತೆ ನಡೆಯುವುದೇ ಹೆಂಡಿರಿಂದ. ಸೀತೆಯನ್ನು ಕಳಕೊಂಡ ರಾಮನೂ ಹೆಂಡತಿ ರುಮೆಯನ್ನು ಕಳಕೊಂಡ ಸುಗ್ರೀವನೂ ನಮ್ಮ ಆನೆಗೊಂದಿ ಕಡೆಯ ಬಂಡೆಗಳ ನಡುವೆಯೇ ಕೈ ಕೈ ಹಿಡಿದರು ಎಂದು ಇಲ್ಲಿನವರ ನಂಬಿಕೆ. ವಾಲಿ ಮತ್ತೆ ಕಾಳಗಕ್ಕೆ ಎದ್ದಾಗ ತಾರೆ ಅಡ್ಡ ನಿಲ್ಲುತ್ತಾಳೆ: ಈಗಷ್ಟೇ ಏಟು ತಿಂದು ಓಡಿದವನು ಇಷ್ಟು ಬೇಗ ಬಂದು ಕೂಗುತ್ತಿದ್ದಾನೆಂದರೆ ಅವನ ಹಿಂದೆ ಯಾರೋ ಇದ್ದಾರೆ. ಗಂಡ ಕೇಳಲಿಲ್ಲ, ಬಾಣ ನಾಟಿತು. ಹೆಂಡತಿಯ ತಿಳಿವಳಿಕೆಯೇ ಆ ಸನ್ನಿವೇಶದ ಬಿಗಿ.

ಅಮೆರಿಕದ ಕಾಮಿಕ್ಸ್‌ಗೆ ಇದು ಬಹಳ ತಡವಾಗಿ ಹೊಳೆಯಿತು. ಸೂಪರ್‌ಮ್ಯಾನ್ ಕತೆಯ ನಾಯಕಿ ಲೋಯಿಸ್ ಲೇನ್ ಊರ ಸುದ್ದಿಯೆಲ್ಲ ಹೆಕ್ಕುವ ಪತ್ರಕರ್ತೆ. ಆದರೂ ಜೊತೆಗೆ ಕೆಲಸ ಮಾಡುವವನ ಕನ್ನಡಕದ ಹಿಂದೆ ಇರುವುದು ಯಾರೆಂದು 1938ರಿಂದ ಅವಳಿಗೆ ಕಾಣದಂತೆ ಇಟ್ಟರು. ತಾನೇ ಸೂಪರ್‌ಮ್ಯಾನ್ ಎಂದು ಆ ಸಹೋದ್ಯೋಗಿ ಕ್ಲಾರ್ಕ್ ಬಾಯಿಬಿಟ್ಟದ್ದು 1991ರಲ್ಲಿ. ಮುಂದೆ ಮದುವೆ ನಿಗದಿಯಾಯಿತು, ಆದರೆ ಟಿವಿ ಧಾರಾವಾಹಿಗೆ ಹೊಂದಿಸಲು ಅದನ್ನು ಮುಂದೂಡಿ, ಖಾಲಿ ಬಿದ್ದ ಜಾಗಕ್ಕೆ 1992ರಲ್ಲಿ ಸೂಪರ್‌ಮ್ಯಾನ್ ಸಾವನ್ನು ತಂದರು. ಮುಹೂರ್ತ ಮುಂದೆ ಹೋಯಿತೆಂದು ಮದುಮಗನನ್ನೇ ಕೊಂದ ಮನೆ ಇನ್ನೆಲ್ಲಾದರೂ ಉಂಟೇ? ಕಡೆಗೆ 1996ರ ಅಕ್ಟೋಬರಿನಲ್ಲಿ ಪುಸ್ತಕದಲ್ಲೂ ಟಿವಿಯಲ್ಲೂ ಅಕ್ಕಿಕಾಳು ಬಿತ್ತು.

ಮದುವೆಗೆ ಅಂಜುವ ಸಂಪಾದಕರು ಹೆಣ್ಣನ್ನು ಬಲಿ ಕೊಡುತ್ತಾರೆ. 1973ರ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೇ ಸಂಚಿಕೆಯಲ್ಲಿ ಸೇತುವೆಯಿಂದ ಬೀಳುವ ಗೆಳತಿ ಗ್ವೆನ್ ಸ್ಟೇಸಿಯ ಕಾಲಿಗೆ ನಾಯಕ ಎಸೆದ ಬಲೆ ಸಿಕ್ಕುತ್ತದೆ. ಅವಳ ಕತ್ತಿನ ಹತ್ತಿರ ‘ಸ್ನ್ಯಾಪ್’ ಎಂಬ ಪುಟ್ಟ ಅಕ್ಷರಗಳು. ಓದುವ ಭರದಲ್ಲಿ ಕಣ್ತಪ್ಪಿಹೋಗಬಹುದು, ಅಷ್ಟು ಚಿಕ್ಕವು. 1994ರಲ್ಲಿ ಗ್ರೀನ್ ಲ್ಯಾಂಟರ್ನ್‌ನ ಗೆಳತಿಯ ಹೆಣ ಫ್ರಿಡ್ಜ್‌ನಲ್ಲಿ ಸಿಕ್ಕಿತು. ಇಂಥವನ್ನೆಲ್ಲ ಮುಂದೆ ಕಾಮಿಕ್ಸ್ ಬರಹಗಾರ್ತಿಯಾದ ಗೇಲ್ ಸಿಮೋನ್ 1999ರಲ್ಲಿ ಪಟ್ಟಿ ಮಾಡಿದ ಮೇಲೆ ಈ ಚಾಳಿಗೆ ಆ ಫ್ರಿಡ್ಜ್‌ನ ಹೆಸರೇ ಅಂಟಿತು.

ಓದುಗರಿಗೆ ಸಂಸಾರ ಬೇಡ ಎನ್ನುವವರು ಸ್ಪೈಡರ್‌ಮ್ಯಾನ್ ಆದ ಪೀಟರ್ ಪಾರ್ಕರ್‌ನನ್ನು ನೋಡಲಿ. 1987ರಲ್ಲಿ ಮೇರಿ ಜೇನ್‌ಳ ಕೈ ಹಿಡಿದ. 2007ರಲ್ಲಿ ಮೇ ಚಿಕ್ಕಮ್ಮನ ಜೀವ ಉಳಿಸಲು ಮೆಫಿಸ್ಟೊ ಎಂಬ ಪಿಶಾಚಿಗೆ ಆ ಮದುವೆಯನ್ನೇ ಬಿಟ್ಟುಕೊಟ್ಟ. 2009ರ ಆರಂಭದಲ್ಲಿ ದಿನಪತ್ರಿಕೆಯ ಪಟ್ಟಿಚಿತ್ರವೂ ಅವನನ್ನು ಒಂಟಿ ಮಾಡಿತು. ಓದುಗರು ಸಿಡಿದರು. ಕೆಲವೇ ತಿಂಗಳಲ್ಲಿ ಅದೆಲ್ಲ ಕನಸೆಂದು ಹೇಳಿ ಹೆಂಡತಿಯನ್ನು ಮನೆಗೆ ಕರೆತಂದರು.

ವಿರೋಧ: ಇಪ್ಪತ್ತು ಪುಟದ ಸಂಸಾರ

ದೊಡ್ಡಾಟದಲ್ಲಿ ಕಲ್ಯಾಣವಾದರೆ ಮಂಗಳ ಹಾಡಿ ಗೆಜ್ಜೆ ಬಿಚ್ಚುತ್ತಾರೆ. ತಿಂಗಳ ಕಾಮಿಕ್ಸ್‌ಗೆ ಮಂಗಳವೇ ಇಲ್ಲ, ತೊಡಕಿರುವುದು ಅಲ್ಲೇ. ಇನ್ನು ಕಿಷ್ಕಿಂಧೆಯ ಮಾತು: ಅಂಜನಾದ್ರಿಯ ಮೆಟ್ಟಿಲು ಹತ್ತುವ ಜನ ನೋಡಹೋಗುವುದು ಬ್ರಹ್ಮಚಾರಿಯನ್ನು, ಸುಗ್ರೀವನನ್ನಲ್ಲ.

ಲೆಕ್ಕ ಹಾಕಿ. ಸಂಚಿಕೆಗೆ ಈಗ ಸಾಮಾನ್ಯವಾಗಿ 20 ಪುಟ, ಪುಟಕ್ಕೆ ಐದಾರು ಚೌಕ. ಹೊಡೆದಾಟಕ್ಕೆ ಅರ್ಧ ಹೋಯಿತು. ಖಳನ ಸಂಚು, ಹಿಂದಿನ ತಿಂಗಳ ನೆನಪು, ಮುಂದಿನದಕ್ಕೆ ಕೊಕ್ಕೆ ಎಲ್ಲ ಸೇರಿದರೆ ಮನೆಮಾತಿಗೆ ಉಳಿಯುವುದು ಎರಡು ಮೂರು ಪುಟ. ಪ್ರೇಮಕ್ಕೆ ಅಷ್ಟು ಸಾಕು: ಹೋಟೆಲಿನಲ್ಲಿ ಕಾಯುವ ಹುಡುಗಿ, ಖಾಲಿ ಕುರ್ಚಿ, ಕಿಟಕಿಯಾಚೆ ಹಾರಿಹೋಗುವ ನೆರಳು. ಮೂರೇ ಚೌಕ. ಅದೇ ಹೆಂಡತಿಯನ್ನು ತಿಂಗಳು ತಿಂಗಳೂ ಕಾಯಿಸಿದರೆ, ಇಂಥವನಿಗೆ ಹೆಣ್ಣು ಕೊಟ್ಟವರು ಯಾರು ಅನ್ನಿಸುತ್ತದೆ. ಅದಕ್ಕೆ ಉತ್ತರ ಬರೆಯಲು ಪುಟ ಎಲ್ಲಿದೆ?

ವಯಸ್ಸಿನ ಗೋಳು ಇನ್ನೂ ದೊಡ್ಡದು. ಫೆಂಟಾಸ್ಟಿಕ್ ಫೋರ್‌ನ ರೀಡ್–ಸೂ ಮದುವೆ 1965ರಲ್ಲಿ, ಮಗ ಫ್ರಾಂಕ್ಲಿನ್ ಹುಟ್ಟಿದ್ದು 1968ರಲ್ಲಿ. ಅವನಿಗಿನ್ನೂ ಮೀಸೆ ಬಲಿತಿಲ್ಲ. ಮಗನನ್ನು ಬೆಳೆಸಿದರೆ ಅಪ್ಪ ಮುದುಕನಾಗುತ್ತಾನೆ, ಬೆಳೆಸದಿದ್ದರೆ ಓದುಗ ನಗುತ್ತಾನೆ. ಸೂಪರ್‌ಮ್ಯಾನ್ ಮಗ ಜಾನ್‌ಗೆ ಅಡ್ಡದಾರಿ ಹಿಡಿದರು. ಹತ್ತರ ಹುಡುಗ ಬಾಹ್ಯಾಕಾಶಕ್ಕೆ ಹೋಗಿ ಕೆಲವೇ ವಾರದಲ್ಲಿ ಹದಿನೇಳರ ತರುಣನಾಗಿ ಮರಳಿದ. ನಡುವಿನ ಏಳು ವರ್ಷ ತಾಯಿಯ ಕೈಗೂ ಸಿಗಲಿಲ್ಲ, ಓದುಗರ ಕೈಗೂ ಸಿಗಲಿಲ್ಲ.

ಗಂಟು ಬಿಚ್ಚುವಾಗ ಆಗುವುದೇ ಹೆಚ್ಚು ಹಾಳು. ವಿಚ್ಛೇದನ ಕೊಡಿಸಿದರೆ ನಾಯಕನಿಗೆ ವಯಸ್ಸಾದಂತೆ ಕಾಣುತ್ತದೆಂಬ ಹೆದರಿಕೆ. ಆಗ ಉಳಿಯುವುದು ಸಾವು, ಇಲ್ಲವೇ ಮಾಯೆ. ಮೆಫಿಸ್ಟೊ ಬಂದದ್ದು ಆ ಬಾಗಿಲಿನಿಂದ. 1987ರಲ್ಲಿ ತಡೆದಿದ್ದರೆ 2007ರ ಆ ಅಸಹ್ಯ ಬೇಕಾಗುತ್ತಿರಲಿಲ್ಲ. 2018ರ ‘ಬ್ಯಾಟ್‌ಮ್ಯಾನ್’ 50ನೇ ಸಂಚಿಕೆಯಲ್ಲಿ ಮದುಮಗಳು ಸೆಲೀನಾ ಮದುವೆಯ ಹೊತ್ತಿಗೆ ಹಿಂದೆ ಸರಿದಳು: ಸುಖವಾಗಿರುವವನು ಬ್ಯಾಟ್‌ಮ್ಯಾನ್ ಆಗಿ ಉಳಿಯಲಾರ ಎಂಬುದು ಅವಳ ಅಳುಕು. ಊಟಕ್ಕೆ ಕರೆದು ಎಲೆ ಎತ್ತಿದಂತೆ ಓದುಗರು ಕೂಗಾಡಿದರು ನಿಜ. ಆದರೆ ಅಳಿಸಬೇಕಾದದ್ದು ಏನೂ ಉಳಿಯಲಿಲ್ಲ.

ಮದುವೆ ಬೇಕೇ ಬೇಕೆಂದರೆ ಕತೆಯ ಶುರುವಿಗೆ ಮುಂಚೆಯೇ ಮುಗಿಸಿಡಿ. 2024ರ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಮಾಡಿದ್ದು ಇದನ್ನೇ. ಅಲ್ಲಿ ಪೀಟರ್‌ಗೆ ಮೊದಲೇ ಹೆಂಡತಿ, ಇಬ್ಬರು ಮಕ್ಕಳು. ಜೇಡ ಕಚ್ಚಿದ್ದು ಆಮೇಲೆ.